ತಾರಾನಾಥರ ಕಾಸ್ಟಿಂಗ್ ವೋಟು

ನನ್ನ ಗಂಡ ತಾರಾನಾಥರ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗ್ಲಿಕ್ಕಿಲ್ಲ ಮಾರಾಯ್ರೆ. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ಬೆಳಿಗ್ಗೆ ಚಾದ ಜೊತೆ ನನಗೆ ಪ್ರಜಾಪ್ರಭುತ್ವದ ಪಾಠ. ಬ್ರಿಟನ್ನಿನಲ್ಲಿ ಜನ ಎಂಪಿಗಳನ್ನು ಆರಿಸ್ತಾರೆ, ಹೆಚ್ಚು ಎಂಪಿಗಳು ಯಾರ ಹಿಂದೆ ಉಂಟೋ ಅವನೇ ಪ್ರಧಾನಿ. ಅಮೆರಿಕದಲ್ಲಿ ಅಧ್ಯಕ್ಷನಿಗೇ ಬೇರೆ ಚುನಾವಣೆ. ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ವಿಷಯ ಬಂದರೆ ಜನರನ್ನೇ ಕೇಳ್ತಾರೆ. "ಅದೇ ಶ್ರೇಷ್ಠ ವಸಂತಿ" ಅಂತ ಇವರು. ಸರಿ, ಮೊದಲು ಹಾಲು ತನ್ನಿ ಅಂತ ನಾನು.

ಕೋಪರಿಯ ನಮ್ಮ ಹೌಸಿಂಗ್ ಸೊಸೈಟಿಗೆ ಇವರು ಚೇರ್ಮನ್ ಆದದ್ದೇ ತಡ, ಸ್ವಿಟ್ಜರ್ಲೆಂಡ್ ಬಂತು. ಮುಂಚೆ ಐದು ಜನರ ಕಮಿಟಿ ಕೂತು ತೀರ್ಮಾನ ಮಾಡ್ತಿತ್ತು. ಈಗ ಪ್ರತಿಯೊಂದಕ್ಕೂ ಮೀಟಿಂಗು, ಫ್ಲ್ಯಾಟಿಗೆ ಒಂದು ವೋಟು.

ನಮ್ಮ ಮಗಳು ನಿಶಾ ಎರಡು ವರ್ಷದ ಹಿಂದೆ ಲೋಕಲ್ ರೈಲಿಂದ ಬಿದ್ದಳು. ಅಂದಿನಿಂದ ವೀಲ್‌ಚೇರ್. ನಮ್ಮದು ಗ್ರೌಂಡ್ ಫ್ಲೋರ್ ಆದರೂ ಏಳು ಮೆಟ್ಟಿಲು ಹತ್ತಬೇಕು. ಮನೆಯಿಂದಲೇ ಕೆಲಸ ಮಾಡ್ತಿದ್ದಳು, ಪಾಪ. ಈಗ ಐರೋಲಿಯ ಆಫೀಸಿನವರು ದಿನಾ ಬರಲೇಬೇಕು ಅಂದ್ರು. ಮೆಟ್ಟಿಲ ಪಕ್ಕ ಒಂದು ರ‍್ಯಾಂಪ್ ಕಟ್ಟಿದರೆ ಅವಳೇ ಹೋಗಿ ಬರ್ತಾಳೆ. ಮೂರು ಬೈಕಿನ ಪಾರ್ಕಿಂಗ್ ಹೋಗ್ತದೆ, ಅಷ್ಟೇ. ಕಮಿಟಿಯಲ್ಲಿ ನಾಲ್ವರು ಒಪ್ಪಿದ್ದರು. ಹಳೆಯ ಕ್ರಮದಲ್ಲಿ ಹತ್ತು ನಿಮಿಷದ ಕೆಲಸ. "ಇಲ್ಲ, ಎಲ್ಲರನ್ನೂ ಕೇಳಬೇಕು" ಅಂದ್ರು ಇವರು.

ಭಾನುವಾರ ಟೆರೇಸಿನಲ್ಲಿ ಕೈ ಎತ್ತಿಸಿದರು. ಬೇಕು ಹದಿನಾಲ್ಕು, ಬೇಡ ಹದಿನಾಲ್ಕು. ಇವರು ಕೈ ಎತ್ತಲಿಲ್ಲ, ಚೇರ್ಮನ್ ಮೊದಲೇ ವೋಟು ಹಾಕಬಾರದಂತೆ. ಫ್ಲ್ಯಾಟ್ ಇವರ ಹೆಸರಲ್ಲಿ, ಹಾಗಾಗಿ ನನಗೆ ವೋಟಿಲ್ಲ. ಆದರೂ ಹೋದ ಜೀವ ಬಂತು ನನಗೆ. ಸಮ ಬಂದರೆ ಚೇರ್ಮನ್ನರ ಕಾಸ್ಟಿಂಗ್ ವೋಟೇ ಕೊನೆ. ಹೆತ್ತ ಅಪ್ಪ ಅಲ್ವಾ?

ಇವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಸಮ ಬಂದಾಗ ಬ್ರಿಟನ್ನಿನ ಸ್ಪೀಕರ್ ಇದ್ದದ್ದನ್ನು ಇದ್ದ ಹಾಗೇ ಉಳಿಸುವ ಕಡೆ ವೋಟು ಹಾಕ್ತಾರೆ. ಬಹುಮತ ಇಲ್ಲದೆ ಬದಲಾವಣೆ ಮಾಡಬಾರದು. ಅದರಲ್ಲೂ ಇದು ನನ್ನ ಮಗಳ ವಿಷಯ. ನನ್ನ ವೋಟು, ಬೇಡ ಅಂತ."

ಪಾರ್ಕಿಂಗ್ ಬೇಕು ಅಂತ ಹಟ ಹಿಡಿದಿದ್ದ ಪಕ್ಕದ ಮನೆಯ ಮಧ್ವೇಶರೇ ತಲೆ ತಗ್ಗಿಸಿದರು. "ನಿಮ್ಮ ಬ್ರಿಟನ್ನಿಗಿಷ್ಟು ಬೆಂಕಿ ಹಾಕ!" ಅಂತ ನಾನು ಎಲ್ಲರೆದುರು ಕಿರುಚಿದೆ. ಅಯ್ಯೋ, ಕಿರುಚಿ ಎಂತ ಪ್ರಯೋಜನ? ಸೆಕ್ರೆಟರಿ ಬರೆದುಕೊಂಡಾಗಿತ್ತು.

ನಿಶಾ ಐರೋಲಿಯಲ್ಲಿ ಲಿಫ್ಟ್ ಇರುವ ಪಿಜಿ ಹುಡುಕಿದಳು. ಹೊರಟ ದಿನ ಮಧ್ವೇಶರೂ ಇವರೂ ಆಚೀಚೆ ಹಿಡಿದು ಕುರ್ಚಿ ಇಳಿಸಿದರು. ರಿಕ್ಷಾದ ಹತ್ತಿರ ಇವರು ಬಗ್ಗಿ, "ಮಗಾ, ನಾನು ತಪ್ಪು ಮಾಡಿದೆನಾ?" ಅಂತ ಕೇಳಿದರು.

ಇಲ್ಲೇ ಮರಾಠಿ ಶಾಲೆಯಲ್ಲಿ ಕಲಿತ ಅವಳಿಗೆ ಕನ್ನಡ ಅರ್ಥ ಆಗ್ತದೆ, ಉತ್ತರ ಯಾವಾಗಲೂ ಮರಾಠಿಯಲ್ಲೇ. ಅವತ್ತು ಮಾತ್ರ ತಡವರಿಸಿ ತಡವರಿಸಿ ಕನ್ನಡದಲ್ಲೇ ಹೇಳಿದಳು.

"ರೂಲ್ಸ್ ಸರಿ ಇತ್ತು ಪಪ್ಪಾ. ಹದಿನಾಲ್ಕು ಮನೆಯವರು ನನಗಾಗಿ ಕೈ ಎತ್ತಿದರು. ಅದರಲ್ಲಿ ನಮ್ಮ ಮನೆ ಇರಲಿಲ್ಲ."