ಕೌಲಿಗೆ ಹದಿನೈದು ದಿನ

ಬಂಗಾರಿ ಹೆತ್ತು ಹನ್ನೆರಡನೆಯ ದಿನಕ್ಕೆ ನಮ್ಮ ಬಚ್ಚಲಿಗೆ ನೀರು ಹೊರಲು ಬಂದಳು. ನಾನು ತವರಿಗೆ ಬಂದು ಹೆತ್ತು ಎಂಟು ದಿನವಾಗಿತ್ತು. ಆ ನೀರು ನನಗೆ.

ಬಾಣಂತಿಯ ಮೀಯಕ್ಕೆ ದೊಡ್ಡ ಹಂಡೆ ತುಂಬ ನೀರು ಬೇಕು. ಬಾವಿ ಇದ್ದದ್ದು ದಿಬ್ಬದ ಕೆಳಗೆ. ಅವಳು ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಮೆಟ್ಟಿಲು ಹತ್ತುವಳು. ಮೊದಲೆಲ್ಲ ಓಡುತ್ತ ಹತ್ತುತ್ತಿದ್ದ ಹೆಂಗಸು ಈಗ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದಳು. ಹಂಡೆ ತುಂಬಿಸಿ ಬೆಂಕಿ ಹಾಕಿ ಅವಳು ಆಚೆ ಸರಿದ ಮೇಲೆ ಹೆತ್ತ ಆಯಿ ನನ್ನ ಮೈಗೆ ಎಣ್ಣೆ ತಿಕ್ಕಿ, ಸುಡುವ ನೀರೆರೆದು, ಹೊಟ್ಟೆಗೆ ಎಂಟು ಮೊಳದ ಬಟ್ಟೆ ಬಿಗಿದು, ಪುನಃ ಚಾಪೆಯ ಮೇಲೆ ಮಲಗಿಸುತ್ತಿದ್ದಳು.

"ಏಳಡ ಕೂಸೆ. ನಲವತ್ತು ದಿನ ಮನಿಕ್ಯಂಡೇ ಇರವು. ಈಗ ಎದ್ರೆ ಜನ್ಮ ಪೂರ್ತಿ ಅನುಭವಿಸವು."

ನಾನು ಮಲಗಿಯೇ ಇದ್ದೆ.

ನಮ್ಮೂರು ಕುಮಟೆಗೆ ಐದು ಮೈಲಿ. ಅಘನಾಶಿನಿ ಹೊಳೆಯ ಅಂಚಿನಲ್ಲಿ ಅಪ್ಪಯ್ಯನ ಗಜನಿ ಭೂಮಿ ಇತ್ತು. ಗಜನಿ ಎಂದರೆ ಉಪ್ಪುನೀರಿನ ಗದ್ದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ತೆನೆ ಕೊಯ್ದು, ನೀರು ಸುರಿಯುವ ಹೊರೆಯನ್ನು ತಲೆಯ ಮೇಲೆ ಹೊತ್ತು ನಮ್ಮ ಅಂಗಳಕ್ಕೆ ತರಬೇಕು. ಬಂಗಾರಿಯ ಗಂಡ ಮಂಜ ಆ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದ. ಗೇಣಿಯ ಜೊತೆಗೆ ಬಿಟ್ಟಿ ಕೆಲಸವೂ ಇತ್ತು. ಒಡೆಯರ ಮನೆಯಲ್ಲಿ ಬಾಣಂತಿ ಇದ್ದರೆ ಒಕ್ಕಲ ಮನೆಯ ಹೆಂಗಸು ನೀರು ಹೊರಬೇಕು. ಒಕ್ಕಲ ಮನೆಯಲ್ಲೂ ಬಾಣಂತಿ ಇದ್ದರೆ ಏನು ಮಾಡಬೇಕು ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ.

ಅದು ನನ್ನ ಮೊದಲ ಹೆರಿಗೆ. ಮೈ ಹೀಗೆಲ್ಲ ಆಗುತ್ತದೆ ಎಂದು ನನಗೂ ಯಾರೂ ಹೇಳಿರಲಿಲ್ಲ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತಿತ್ತು. ಮಗು ಹಾಲು ಕುಡಿಯುವಾಗ ಹೊಟ್ಟೆ ಮತ್ತೆ ಹಿಂಡುತ್ತಿತ್ತು. ಪಾದ ಅಗಲವಾಗಿ ಕಾಲುಂಗುರ ಕೂರುತ್ತಿರಲಿಲ್ಲ. ಇದು ನನ್ನದೇ ಮೈಯೋ ಬೇರೆ ಯಾರದೋ ಎಂದು ನಾಚಿಕೆಯಾಗುತ್ತಿತ್ತು.

ಅವಳು ನೀರು ಹೊರತೊಡಗಿದ ನಾಲ್ಕನೆಯ ದಿನವೋ ಐದನೆಯ ದಿನವೋ, ಆಯಿ ಒಳಗಿದ್ದಾಗ ಬಂಗಾರಿ ನನ್ನ ಕೋಣೆಯ ಕಿಟಕಿಯ ಹೊರಗೆ ನಿಂತಳು.

"ಮಗ ಹಾಲು ಕುಡೀತನ ಅಮ್ಮಾ?"

"ಕುಡೀತಾನೆ. ನಿನ್ನ ಮಗಳು?"

"ಕುಡೀತದೆ. ಅತ್ತೆ ಹತ್ರ ಬಿಟ್ಟಿ ಬಂದೆ." ಅವಳು ಸುತ್ತ ನೋಡಿದಳು. ಮತ್ತೆ ಕಿಟಕಿಯ ಸರಳಿಗೆ ಮುಖ ಒತ್ತಿ ಮೆಲ್ಲಗೆ ಕೇಳಿದಳು. "ಅಮ್ಮಾ, ಒಂದು ಕೇಳ್ತೆ, ಬೈಬೇಡಿ. ನಿಮ್ಗೂ ಕೆಳಗೆ ಎಂತಾದ್ರೂ ಇಳ್ದಿದ್ಯಾ?"

"ಎಂತ ಇಳಿಯೂದು?"

"ಗೊತ್ತಿಲ್ಲ. ಕೋಳಿಮೊಟ್ಟೆಯಷ್ಟು. ಮಲಗಿದ್ರೆ ಒಳಗೆ ಹೋತದೆ. ಕೊಡ ಹೊತ್ರೆ ಬತ್ತದೆ. ಕೂತ್ರೆ ನೆಲಕ್ಕೆ ತಾಗ್ತದೆ." ಅವಳು ನಗಲು ನೋಡಿದಳು. "ಹೆತ್ತವ್ರಿಗೆಲ್ಲ ಹೀಗೇ ಆತದೆ ಅಂತ ಮಾಡಿದ್ದೆ. ನಿಮ್ಗಿಲ್ವಾ?"

"ಇಲ್ಲ ಬಂಗಾರಿ."

"ಹಂಗಾರೆ ನಂಗೊಬ್ಳಿಗೇ," ಎಂದಳು. ಕೊಡ ಎತ್ತಿಕೊಂಡು ಬಾವಿಗೆ ಇಳಿದಳು.

ಅವಳು ನಿಂತೇ ಗಂಜಿ ಕುಡಿಯುತ್ತಿದ್ದುದು, ಪಾತ್ರೆ ತಿಕ್ಕುವಾಗ ಒಂದು ಕೈಯನ್ನು ಸೀರೆಯ ಮೇಲೆ ಅದುಮಿ ಹಿಡಿಯುತ್ತಿದ್ದುದು ಎಲ್ಲ ಆಗ ಅರ್ಥವಾಯಿತು.

ಆಯಿಗೆ ಹೇಳಿದೆ. ಆಯಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಗರ್ಭ ಜಾರಿದ್ದು. ಈಗಲೇ ಹದಿನೈದು ದಿನ ಮನಿಕ್ಯಂಡ್ರೆ ಒಳಗೆ ಹೋಗಿ ನಿಲ್ತು. ಭಾರ ಹೊತ್ರೆ ಮತ್ತೆ ಯಾವ ಕಾಲಕ್ಕೂ ನಿಲ್ತಿಲ್ಲೆ."

"ಹಾಂಗಾರೆ ಅಪ್ಪಯ್ಯನ ಹತ್ರ ಹೇಳಾಯಿ. ನೀರಿಗೆ ಬೇರೆ ಯಾರಾದ್ರೂ ಬರ್ಲಿ."

ಆಯಿ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಆ ಮಾತ್ನ ಗಂಡಸರ ಹತ್ರ ಹೆಂಗೆ ಹೇಳೂದೆ?"

ಮರುದಿನ ಆಯಿ ಬಂಗಾರಿಗೆ ಒಂದು ಹಳೆಯ ಸೀರೆಯ ತುಂಡು ಕೊಟ್ಟಳು. ಕಚ್ಚೆಯ ಹಾಗೆ ಬಿಗಿದು ಕಟ್ಟಿಕೋ ಎಂದಳು. ಬಂಗಾರಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಅದಾಗಿ ಎರಡು ದಿನಕ್ಕೆ ಮಂಜ ಬಂದ. ಜಗಲಿಯ ಕೆಳಗೆ ನಿಂತು ತಲೆ ಕೆರೆದುಕೊಂಡ. ಅಪ್ಪಯ್ಯ ಎಲೆಯಡಿಕೆಯ ಕವಳ ಹಾಕುತ್ತಿದ್ದರು.

"ಒಡೆಯಾ, ಹೆಂಡ್ತಿಗೆ ಆರಾಮಿಲ್ಲ. ಹದಿನೈದು ದಿನ ಬಿಡುವು ಕೊಡ್ಬೇಕಾಗಿತ್ತು."

"ಕೊಯ್ಲಿನ ಹೊತ್ತಿಗಾ? ಎಂತ ಕಾಯಿಲೆ?"

"ಹೆಂಗಸ್ರ ಕಾಯಿಲೆ ಒಡೆಯಾ."

"ಹೆಂಗಸ್ರ ಕಾಯಿಲೆಗೆ ಹೆಸ್ರಿಲ್ವಾ?"

ಮಂಜ ನೆಲ ನೋಡಿದ. ಅವನಿಗೆ ಹೆಸರು ಗೊತ್ತಿತ್ತು. ಬಾಯಿಗೆ ಬರಲಿಲ್ಲ.

ಅಪ್ಪಯ್ಯ ನಕ್ಕರು. "ನಿನ್ನ ಅಬ್ಬೆ ಗಜನಿ ಕಟ್ಟೆ ಮೇಲೆ ನಿನ್ನ ಹೆತ್ತು, ಸಂಜೆಗೆ ಹೊರೆ ಹೊತ್ಕಂಡು ಬಂದಿತ್ತು. ನಾನು ಕಣ್ಣಾರೆ ಕಂಡಿದ್ದೆ. ಈಗಿನವ್ರಿಗೆ ಹೆತ್ರೆ ಕಾಯಿಲೆ, ಹೆರದಿದ್ರೆ ಕಾಯಿಲೆ." ಕವಳ ಉಗಿದು ಬಂದು ದನಿ ತಗ್ಗಿಸಿದರು. "ನೋಡು ಮಂಜ. ಅಮಾಸೆಯ ಉಬ್ಬರಕ್ಕೆ ಗಜನಿ ಖಾಲಿ ಆಗ್ಬೇಕು. ಸಿಗಡಿ ಗುತ್ತಿಗೆಯವ್ರು ಅವತ್ತೇ ಕಟ್ಟೆ ಬಾಗಿಲ ಹಲಗೆ ತೆಗ್ದು ಹೊಳೆ ನೀರು ಒಳಗೆ ಬಿಡ್ತಾರೆ. ಈಗ ಗೇಣಿ ಕಾಯ್ದೆ ಬೇರೆ ಬತ್ತಾ ಉಂಟು. ಸ್ವಂತ ಸಾಗುವಳಿ ಮಾಡ್ತೆ ಅಂತ ನಾನು ಒಂದು ಅರ್ಜಿ ಬರೆದ್ರೆ ನೀ ಎಲ್ಲಿಗೆ ಹೋಗ್ತೆ? ನಿನ್ನ ಕೈಲಾಗೂದಿಲ್ಲ ಅಂತಾದ್ರೆ ಈಗಲೇ ಹೇಳು."

"ಆತದೆ ಒಡೆಯಾ."

"ಎಂತ ಆತದೆ?"

"ಬತ್ತಳೆ ಒಡೆಯಾ. ನಾಳೆಯಿಂದ ಹೊರೆಗೂ ಬತ್ತಳೆ."

ಒಳಗೆ ಬಾಗಿಲ ಮರೆಯಲ್ಲಿ ಆಯಿ ನಿಂತಿದ್ದಳು. ಅವಳೂ ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ.

ಅದೇ ವಾರ ಕೌಲಿ ಕರು ಹಾಕಿತು. ಕೌಲಿ ಅಪ್ಪಯ್ಯನ ಮುದ್ದಿನ ದನ. ಕರು ಹಾಕಿದ ಅರ್ಧ ಗಳಿಗೆಗೆ ಅದರ ಹಿಂದಿನಿಂದ ಕೆಂಪು ಚೀಲದಂಥದು ಹೊರಗೆ ಬಂದು ಜೋತಾಡಿತು. ಅಪ್ಪಯ್ಯ ಊಟದ ಎಲೆ ಬಿಟ್ಟು ಎದ್ದು ಓಡಿದರು. ದನ ಕಾಯುವ ಚೌಡನನ್ನು ಗಾಡಿ ಕಟ್ಟಿಸಿ ಕುಮಟೆಗೆ ಅಟ್ಟಿದರು. ದನದ ಡಾಕ್ಟರು ಬರುವ ತನಕ ತಾವೇ ಒಂದು ಬಿಳಿ ಪಂಚೆಯನ್ನು ನೀರಲ್ಲಿ ಅದ್ದಿ ಅದರ ಕೆಳಗೆ ಹಿಡಿದು ಕೂತಿದ್ದರು.

"ಪಾಪ, ಬಾಯಿಲ್ಲದ ಪ್ರಾಣಿ," ಅನ್ನುತ್ತಿದ್ದರು. ಕಣ್ಣಲ್ಲಿ ನೀರಿತ್ತು. ನನ್ನ ಅಪ್ಪಯ್ಯ ಕಟುಕರಲ್ಲ.

ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಬಿಸಿನೀರು ಹೊತ್ತು ತಂದವಳು ಬಂಗಾರಿ. ಬಾಲ ಎತ್ತಿ ಹಿಡಿದವಳೂ ಅವಳೇ. ಡಾಕ್ಟರು ತೋಳಿಗೆ ಎಣ್ಣೆ ಹಚ್ಚಿಕೊಂಡು ಆ ಚೀಲವನ್ನು ತೊಳೆದು ನಿಧಾನಕ್ಕೆ ಒಳಗೆ ತಳ್ಳಿದರು. ಮತ್ತೆ ಕೈ ತೊಳೆಯುತ್ತ ಹೇಳಿದರು.

"ಗರ್ಭಕೋಶ ಜಾರಿತ್ತು. ಆದ ಕೂಡಲೇ ಕರೆದಿರಿ, ಬದುಕಿತು. ಹಿಂದಿನ ಕಾಲಿನಡಿಗೆ ಹಲಗೆ ಕೊಟ್ಟು ಎತ್ತರ ಮಾಡಿ. ಹದಿನೈದು ದಿನ ಹೊರಗೆ ಬಿಡಬೇಡಿ. ಓಡಿಸಬೇಡಿ. ಹುರುಳಿ ಬೇಯಿಸಿ ಹಾಕಿ."

"ಗರ್ಭಕೋಶ ಪೂರ್ತಿ ಗಟ್ಟಿ ಆಗ್ತದಲ್ಲ ಡಾಕ್ಟ್ರೇ?" ಅಪ್ಪಯ್ಯ ಅಂಗಳದಲ್ಲಿ ಎಲ್ಲರ ಎದುರೇ ಕೇಳಿದರು.

"ಆಗ್ತದೆ. ವಿಶ್ರಾಂತಿ ಮುಖ್ಯ."

ಬಂಗಾರಿ ಬಾಲ ಹಿಡಿದೇ ನಿಂತಿದ್ದಳು. ಡಾಕ್ಟರ ಬಾಯನ್ನೇ ನೋಡುತ್ತಿದ್ದಳು.

"ಬಿಡೇ, ಆತಲ್ಲ," ಅಂದ ಚೌಡ.

ಚೌಡ ಅಟ್ಟದ ಮೇಲಿನ ಹಲಸಿನ ಹಲಗೆಗಳನ್ನು ಇಳಿಸಿದ. ಕೌಲಿಯ ಕೆಳಗೆ ಬೇಕಾದಷ್ಟು ಹಾಕಿ ಉಳಿದವನ್ನು ಪಕ್ಕದಲ್ಲೇ ಇಟ್ಟ. ಮರುದಿನದಿಂದ ಆಯಿ ಕೌಲಿಗೆ ಹುರುಳಿ ಬೇಯಿಸಿದಳು. ಬೇಯಿಸುವ ನೀರನ್ನೂ ಬಂಗಾರಿಯೇ ಹೊತ್ತಳು. ಅದು ಮುಗಿಸಿ ಗಜನಿಗೆ ಹೋಗಿ ಹೊರೆ ಹೊತ್ತಳು.

ಕೌಲಿಯ ಐದನೆಯ ದಿನ ಅದು ಆಯಿತು. ಮಧ್ಯಾಹ್ನದ ಬಿಸಿಲು. ಬಾಗಿಲ ತನಕ ಬರುವ ಅಪ್ಪಣೆ ಆಗ ನನಗೆ ಸಿಕ್ಕಿತ್ತು. ಮಗುವಿಗೆ ಹಾಲು ಕೊಡುತ್ತ ಹೊಸ್ತಿಲ ಒಳಗೆ ನಿಂತಿದ್ದೆ. ಕೇರಿಯ ಹೆಂಗಸರು ಸಾಲಾಗಿ ಹೊರೆ ತರುತ್ತಿದ್ದರು. ಮುಂದೆ ಮುದುಕಿ ಲಕ್ಕಿ. ಆ ಕೇರಿಯ ಮಕ್ಕಳನ್ನೆಲ್ಲ ಹೆರಿಗೆ ಮಾಡಿಸಿ ತೆಗೆದವಳು ಅವಳು. ಹಿಂದೆ ಹೊನ್ನಿ, ದೇವಿ, ಇನ್ನೂ ಐದು ಮಂದಿ. ಕೊನೆಗೆ ಬಂಗಾರಿ.

ಅಂಗಳದ ಮೆಟ್ಟಿಲು ಹತ್ತುವಾಗ ಅವಳು ಕೂತುಬಿಟ್ಟಳು. ಹೊರೆ ತಲೆಯಿಂದ ಜಾರಿತು. ಒಂದು ದನಿ ಹೊರಟಿತು. ಕೂಗು ಅಲ್ಲ, ಉಸಿರು ಒಡೆದ ಹಾಗೆ. ಮೆಟ್ಟಿಲ ಮೇಲೆ ರಕ್ತ.

"ಎಂತಾತೇ?" ಲಕ್ಕಿ ತಿರುಗಿದಳು.

ಬಂಗಾರಿ ಎರಡು ಕೈಯೂರಿ ಎದ್ದಳು. ಸೀರೆಯನ್ನು ತೊಡೆಯ ನಡುವೆ ಒತ್ತಿ ಹಿಡಿದು ಅಂಗಳ ದಾಟಿದಳು. ಮನೆಗೆ ಹೋಗಲಿಲ್ಲ. ಕೊಟ್ಟಿಗೆಗೆ ಹೋದಳು. ಉಳಿದ ಹಲಗೆಗಳನ್ನು ಕೌಲಿಯ ಪಕ್ಕ ಕಾಲ ಕಡೆ ಎತ್ತರ ಬರುವ ಹಾಗೆ ಜೋಡಿಸಿದಳು. ಮಲಗಿದಳು.

ಅಪ್ಪಯ್ಯ ಜಗಲಿಯಿಂದ ಇಳಿದರು. "ಇದೆಂತ ಆಟ? ಏಳು."

"ಏಳೂದಿಲ್ಲ ಒಡೆಯಾ."

"ಎಂತ?"

"ಕೌಲಿಗೆ ಆದದ್ದೇ ನಂಗೂ ಆಗದೆ. ಗರ್ಭಕೋಶ ಜಾರದೆ." ಅವಳ ದನಿ ಅಂಗಳದ ಆಚೆ ತನಕ ಕೇಳಿಸುತ್ತಿತ್ತು. "ಹದಿನೈದು ದಿನ ಅಂತ ಡಾಕ್ಟ್ರು ಹೇಳಿದ್ರಲ್ಲ. ನಾನೂ ಇಲ್ಲೇ ಇರ್ತೆ. ಹುರುಳಿ ಬ್ಯಾಡ."

ಚೌಡ ಮುಖ ತಿರುಗಿಸಿದ. ಮಂಜ ಅಂಗಳದ ಮೂಲೆಯಲ್ಲಿ ಗರ ಬಡಿದ ಹಾಗೆ ನಿಂತ. ಅಪ್ಪಯ್ಯನ ಮುಖ ಕೆಂಪೇರಿತು.

"ಮಾನ ಮರ್ಯಾದಿ ಇಲ್ಲದವ್ಳೇ! ಗಂಡಸ್ರ ಎದ್ರಿಗೆ ಆಡೂ ಮಾತಾ ಇದು?"

"ನೀವೇ ಆಡಿದ್ರಿ ಒಡೆಯಾ. ದನಕ್ಕೆ."

ಆಗ ಲಕ್ಕಿ ತಲೆಯ ಮೇಲಿನ ಹೊರೆಯನ್ನು ಅಂಗಳಕ್ಕೆ ಎತ್ತಿ ಹಾಕಿದಳು. ಉಪ್ಪುನೀರು ಚಿಮ್ಮಿತು. "ನಂಗೆ ಮೂವತ್ತು ವರ್ಷ ಆತು ಒಡೆಯಾ. ನಿಮ್ಮ ಅಬ್ಬೆಯ ಕಾಲ್ದಾಗೆ ಇಳ್ದದ್ದು. ಇಷ್ಟು ವರ್ಷ ಬಟ್ಟೆ ಕಟ್ಕಂಡು ನಿಮ್ಮ ಹೊರೆ ಹೊತ್ತೆ."

ದೇವಿಯ ಹೊರೆ ಬಿತ್ತು. "ನಂಗೆ ಎರಡ್ನೇದು ಹೆತ್ತಾಗಿಂದ." ಅದನ್ನು ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಅವಳ ತಂಗಿ ಅವಳನ್ನೇ ನೋಡಿದಳು. ಒಂದೇ ಮನೆಯಲ್ಲಿ ಬೆಳೆದವರು. ಅವಳಿಗೂ ಗೊತ್ತಿರಲಿಲ್ಲ.

ಹೊನ್ನಿಯೂ ಹೊರೆ ಇಳಿಸಿದಳು. ಅವಳದು ಯಾವಾಗಲೂ ಹರಿತ ನಾಲಿಗೆ. "ಒಡೆಯಾ, ಕೊಟ್ಟಿಗೆ ಉದ್ದ ಮಾಡ್ಸಿ. ಇಷ್ಟು ದನ ಹಿಡಿಯೂದಿಲ್ಲ."

ಯಾರೋ ನಕ್ಕರು. ನಕ್ಕವಳೇ ಅತ್ತಳು. ನೋಡನೋಡುತ್ತ ಎಲ್ಲ ಹೊರೆಗಳೂ ನೆಲಕ್ಕೆ ಬಂದವು.

ಅಪ್ಪಯ್ಯ ಬಾಗಿಲ ಕಡೆ ತಿರುಗಿದರು. ಆಯಿ ನನ್ನ ಹಿಂದೆ ನಿಂತಿದ್ದಳು.

"ನಿಂಗೆ ಇದು ಗೊತ್ತಿತ್ತನೆ?"

"ಆನು ಎಂತದೂ ಕಂಡಿದ್ದಿಲ್ಲೆ," ಅಂದಳು ಆಯಿ.

ಬಂಗಾರಿ ಹಲಗೆಯ ಮೇಲಿಂದ ಕತ್ತು ಹೊರಳಿಸಿ ನನ್ನ ಕಡೆ ನೋಡಿದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗು ಮೊಲೆ ಬಿಟ್ಟು ಅತ್ತಿತು. ಅದನ್ನೇ ನೆಪ ಮಾಡಿ ತಲೆ ತಗ್ಗಿಸಿದೆ.

ಲಕ್ಕಿಯೇ ಮುಂದೆ ಬಂದಳು. "ಏಳಬ್ಯಾಡ ಮಗಳೇ. ಹಲಗೆ ಸಮೇತ ಎತ್ತುವಾ. ಮಂಜಾ, ಎಂತ ನೋಡ್ತೆ, ತಲೆ ಕಡೆ ಹಿಡಿ."

"ಹಲಗೆ ನನ್ನದು!" ಅಪ್ಪಯ್ಯ ಕೂಗಿದರು.

"ಹೌದು ಒಡೆಯಾ, ನಿಮ್ದೇ. ಹದಿನೈದು ದಿನ ಬಿಟ್ಟು ತಂದ್ಕೊಡ್ತೆವು."

ಎಂಟು ಹೆಂಗಸರು, ಒಬ್ಬ ಗಂಡಸು. ಬಂಗಾರಿಯನ್ನು ಹಲಗೆಯ ಮೇಲೆ ಮಲಗಿಸಿಕೊಂಡೇ ಗಜನಿ ಕಟ್ಟೆಯ ಮೇಲೆ ಹೋದರು. ಅಂಗಳದಲ್ಲಿ ಹೊರೆಗಳು ಬಿದ್ದಿದ್ದವು.

ಮರುದಿನ ಕೇರಿಯಿಂದ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಪ್ಪಯ್ಯ ಹೊಳೆಯಾಚೆಯಿಂದ ಆಳು ಕರೆಸಿದರು. ಉಪ್ಪುನೀರಿನ ಕೊಯ್ಲು ಗೊತ್ತಿಲ್ಲದವರು. ಅರ್ಧ ಕೊಯ್ಯುವಷ್ಟರಲ್ಲಿ ಅಮಾವಾಸ್ಯೆ ಬಂತು. ಗುತ್ತಿಗೆಯವರು ಬಾಗಿಲು ತೆಗೆದರು. ಉಳಿದ ತೆನೆಯ ಮೇಲೆ ಹೊಳೆ ಹತ್ತಿತು. ಅಪ್ಪಯ್ಯ ಅವತ್ತೇ ಕುಮಟೆಗೆ ಹೋಗಿ ಅರ್ಜಿ ಬರೆಸಿಕೊಂಡು ಬಂದರು. ಮಂಜನ ಗೇಣಿ ಹೋಯಿತು.

ನನ್ನ ಮೀಯಕ್ಕೆ ನೀರನ್ನು ಆಯಿಯೇ ಹೊತ್ತಳು. ಎರಡನೆಯ ದಿನ ಸೊಂಟ ಹಿಡಿದುಕೊಂಡಳು. ಅಪ್ಪಯ್ಯ ಆಗ ಬೇರೆ ಊರಿನ ಹೆಂಗಸೊಬ್ಬಳನ್ನು ಗೊತ್ತು ಮಾಡಿದರು. ಅವಳು ಎಷ್ಟು ಹೆತ್ತವಳೋ, ಮೈ ಹೇಗಿತ್ತೋ, ನಾನು ಕೇಳಲಿಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ಲಕ್ಕಿ ಹಲಗೆ ತಂದಳು. ತೊಳೆದು, ಬಿಸಿಲಿಗೆ ಒಣಗಿಸಿ ತಂದಿದ್ದಳು. ಕೌಲಿಯನ್ನು ಮೇಯಲು ಬಿಟ್ಟು ಆಗಲೇ ವಾರವಾಗುತ್ತ ಬಂದಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ನಾನು ಹೊಸ್ತಿಲು ದಾಟಿ ಮೆಟ್ಟಿಲ ತನಕ ಹೋದೆ.

"ಬಂಗಾರಿ ಹೇಗಿದ್ದಾಳೆ?"

"ಒಳಗೆ ನಿಲ್ಲಲಿಲ್ಲ ಅಮ್ಮಾ. ತಡ ಆಗಿತ್ತು. ಮೊದ್ಲೇ ಮಲಗಿದ್ರೆ ನಿಲ್ತಿತ್ತು." ಲಕ್ಕಿ ಹಲಗೆಗಳನ್ನು ಗೋಡೆಗೆ ಒರಗಿಸಿದಳು. "ಆದ್ರೂ ಹದಿನೈದು ದಿನ ಮಲಗಿದ್ಲು. ನಮ್ಮ ಕೇರಿಯಾಗೆ ಯಾವ ಹೆಂಗಸೂ ಅಷ್ಟು ದಿನ ಮಲಗಿದ್ದು ನಾ ಕಾಣೆ. ಎಲ್ಲಾರೂ ಸರತಿ ಮೇಲೆ ಗಂಜಿ ಕೊಟ್ರು. ಇನ್ಮೇಲೆ ಯಾರೇ ಹೆತ್ರೂ ಹಿಂಗೇ ಅಂತ ಮಾತಾಗದೆ. ಒಡೆಯರು ಭೂಮಿ ಕೊಟ್ರೂ ಸೈ, ಬಿಟ್ರೂ ಸೈ."

ಅವಳು ಹೊರಟಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ಹಿಂದೆ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬಂಗಾರಿ ಹೇಳ್ತು, ನಿಮ್ಗೆ ಮೊದ್ಲೇ ಗೊತ್ತಿತ್ತಂತಲ್ಲ ಅಮ್ಮಾ?"

"ಗೊತ್ತಿತ್ತು," ಎಂದೆ.