ಹಡಗಿಗೆ ಬೇಕಾದ ಅಪ್ಪ

ಹುನಗುಂದದ ಪಶು ದವಾಖಾನೆಯಲ್ಲಿ ಜಾನುವಾರು ಅಧಿಕಾರಿಯಾಗಿದ್ದ ದಾನಮ್ಮ ಪೂಜಾರಿಗೆ ನಲವತ್ತೆರಡು ವರ್ಷ. ಮದುವೆ ಆಗಿಲ್ಲ. ಮಗಳಿದ್ದಾಳೆ. ಈ ಮೂರು ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಕೇಳಿದವರು ಕೈಯಲ್ಲಿದ್ದ ಚಾದ ಕಪ್ಪು ಕೆಳಗಿಡುತ್ತಿದ್ದರು. ಹೀಗಾಗಿ ಆಕೆ ನಾಲ್ಕನೆಯ ಮಾತನ್ನೂ ತಡಮಾಡದೆ ಸೇರಿಸಿಬಿಡುತ್ತಿದ್ದಳು: "ದತ್ತಕ ತಗೊಂಡೇನ್ರಿ, ಕಾಯ್ದೆ ಪ್ರಕಾರ."

ಮಗಳ ಹೆಸರು ಅರ್ಜು. ಮೂರು ವರ್ಷದ ಹಿಂದೆ ಬಾಗಲಕೋಟೆಯ ಮಕ್ಕಳ ಮನೆಯಿಂದ ಕರೆತಂದಾಗ ಐದು ವರ್ಷದವಳು. ಬೀರಪ್ಪನ ಒಕ್ಕಲಿಗೆ ಈ ಮುಸಲ್ಮಾನರ ಹೆಸರು ಹೊಂದೋದಿಲ್ಲ, ಬದಲಿಸು ಅಂತ ದಾನಮ್ಮನ ಬಳಗದವರು ಹೇಳಿದ್ದರು. "ಆಕಿ ಆ ಹೆಸರಿಗೆ ಓಡಿ ಬರ್ತಾಳ. ನಾ ಬ್ಯಾರೆ ಹೆಸರಿಂದ ಕರದರ ಯಾರು ಬರ್ತಾರ?" ಅಂದು ದಾನಮ್ಮ ಅದನ್ನೇ ಉಳಿಸಿಕೊಂಡಳು. ಪಕ್ಕದ ಮನೆಯ ರಂಜಾನಬಿಗಂತೂ ಭಾಳ ಖುಷಿ. ಸೀರೆಗೆ ಫಾಲ್ ಹಚ್ಚುತ್ತ ಕೂತಾಗೆಲ್ಲ ಅರ್ಜುಗೆ ತನ್ನ ಮನೆಮಾತು ಉರ್ದು ಕಲಿಸಿದ್ದಳು; ಹುಡುಗಿಗೆ ಎರಡು ಭಾಷೆಯಲ್ಲಿ ಜಗಳ ಆಡುವಷ್ಟು ಶಕ್ತಿ ಬಂದಿತ್ತು.

ಒಂದು ದಿನ ಮರೋಳದ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋದಾಗ ದಾನಮ್ಮ ಮಗಳನ್ನೂ ಕರೆದುಕೊಂಡು ಹೋಗಿದ್ದಳು. ಅಲ್ಲಿ ಅಣೆಕಟ್ಟಿನ ಹಿನ್ನೀರು ನೋಡಿ ಅರ್ಜು ಕೇಳಿದಳು: "ಅವ್ವ, ನೀ ಸಮುದ್ರ ನೋಡಿಯೇನು?"

"ಇಲ್ಲ."

"ನಲವತ್ತೆರಡು ವರ್ಷ ಏನ್ ಮಾಡಿದಿ ಮತ್ತ?"

ಮುಂದಿನ ಶನಿವಾರ ದಾನಮ್ಮ ಬಾಗಲಕೋಟೆಗೆ ಹೋಗಿ, ಬಸ್ ನಿಲ್ದಾಣದ ಹತ್ತಿರದ ಒಂದು ಪ್ರವಾಸಿ ಅಂಗಡಿಯಲ್ಲಿ ಕೂತಳು. ಚೆನ್ನೈಯಿಂದ ಶ್ರೀಲಂಕಾಕ್ಕೆ ಐದು ದಿನದ ಹಡಗಿನ ಪ್ರವಾಸದ ಫಲಕ ಅಲ್ಲಿ ನೇತಾಡುತ್ತಿತ್ತು. ಅಂಗಡಿಯ ಅನಿಲಕುಮಾರ ನಾಲ್ಕು ಫೋನು, ಎರಡು ಕಂಪ್ಯೂಟರ್ ಮತ್ತು ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡ ಮನುಷ್ಯ.

"ಹೊರದೇಶ ಅಂದಮ್ಯಾಲೆ ಇಬ್ಬರಿಗೂ ಪಾಸ್‌ಪೋರ್ಟ್ ಬೇಕ್ರಿ ಮೇಡಂ. ಕೂಸಿನ ಸಲುವಾಗಿ ನಿಮ್ಮ ಯಜಮಾನರ ಒಪ್ಪಿಗಿ ಪತ್ರ ಬೇಕು."

"ಯಜಮಾನರಿಲ್ಲ."

"ಅಯ್ಯೋ. ಹಂಗಾದ್ರ ಮರಣದ ಸರ್ಟಿಫಿಕೇಟ್ ಕೊಡ್ರಿ."

"ಸತ್ತಿಲ್ಲ."

"ಡೈವೋರ್ಸ್ ಆರ್ಡರ್?"

"ಮದುವಿನ ಆಗಿಲ್ರಿ. ಕೂಸು ದತ್ತಕ. ಜಿಲ್ಲಾಧಿಕಾರಿಗಳ ಆದೇಶ ಐತಿ, ನೋಡ್ರಿಲ್ಲೆ."

ಅನಿಲಕುಮಾರ ಆದೇಶವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. "ಇದು ಕೂಸು ನಿಮ್ಮದು ಅಂತ ಹೇಳ್ತತಿ. ಮದುವಿ ಆಗಿಲ್ಲ ಅನ್ನೋದಕ್ಕ ಏನೈತಿ? ಅಪ್ಪನ ಕಾಲಂ ಖಾಲಿ ಬಿಡಾಕ ಬರಂಗಿಲ್ಲ ಮೇಡಂ."

"ನಮ್ಮ ಇಲಾಖೆಯೊಳಗ ಎಮ್ಮಿ ಕರಕ್ಕೂ ಅಪ್ಪನ ಕಾಲಂ ಐತಿ. ಅಲ್ಲಿ ನಾವು ವೀರ್ಯದ ಕಡ್ಡಿ ನಂಬರ್ ಬರೀತೇವಿ. ಅದನ್ನ ಬರೀಲೇನು?"

ಅನಿಲಕುಮಾರ ನಗಲಿಲ್ಲ. ಮದುವೆ ಆಗಿಲ್ಲವೆಂಬ ದಾಖಲೆ ತನ್ನಿ ಎಂದು ಚೀಟಿಯಲ್ಲಿ ಬರೆದುಕೊಟ್ಟ.

ಆಗದೇ ಇದ್ದದ್ದಕ್ಕೆ ದಾಖಲೆ ಎಲ್ಲಿ ಸಿಗುತ್ತದೆ? ದಾನಮ್ಮನ ಹುಟ್ಟೂರು ಇಳಕಲ್ಲು. ಅಲ್ಲಿಯ ಒಂದು ಕಚೇರಿಯ ಗುಮಾಸ್ತ ಆಕೆಯ ಅರ್ಜಿ ಓದಿ ಬಹಳ ಹೊತ್ತು ಯೋಚಿಸಿದ. ಆದವರು ಅರ್ಜಿ ಕೊಟ್ಟದ್ದನ್ನು ನೋಡಿದ್ದ, ಬಿಟ್ಟವರು ಕೊಟ್ಟದ್ದನ್ನೂ ನೋಡಿದ್ದ. ಏನೂ ಮಾಡದವರು ಬಂದದ್ದು ಇದೇ ಮೊದಲು. ಕೊನೆಗೆ, ಊರಿನ ಹಿರಿಯರಿಬ್ಬರನ್ನು ಕರೆತಂದು ಪಂಚನಾಮೆ ಮಾಡಿಸಿ ಎಂದ.

ಹಿರಿಯರೆಂದು ಬಂದವರು ದಾನಮ್ಮನ ತಂದೆಯ ಗೆಳೆಯರು: ಕುರಿ ವ್ಯಾಪಾರದ ಅಮಾತೆಪ್ಪ ಮತ್ತು ಮಗ್ಗಕ್ಕೆ ರೇಷ್ಮೆ ಮಾರುತ್ತಿದ್ದ ಹುಸೇನಪೀರ. ಗುಮಾಸ್ತ ಪೆನ್ನು ಹಿಡಿದು ಕೇಳಿದ: "ಈಕಿ ಮದುವಿ ಆಗಿಲ್ಲಂತ ನಿಮಗ ಹೆಂಗ ಗೊತ್ತು?"

ಅಮಾತೆಪ್ಪನಿಗೆ ಇಪ್ಪತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಇದು. "ನನಗ ಗೊತ್ತಿರದ ಯಾರಿಗೆ ಗೊತ್ತಿರಬೇಕು? ಮೂರು ವರ ನಾನ ತಂದೇನಿ. ಒಬ್ಬ ಗಜೇಂದ್ರಗಡದಾವ, ಮಾಸ್ತರ. ಒಬ್ಬನದು ಎರಡು ಟ್ರ್ಯಾಕ್ಟರ್. ಮೂರನೇದವನಂತೂ ಅಮೀನಗಡದಾಗ ಪೆಟ್ರೋಲ್ ಬಂಕ್! ಮೂರೂ ಈಕಿ ಮುರದಾಳ."

"ಪೆಟ್ರೋಲ್ ಬಂಕಿನವಗ ಹಲ್ಲಿರಲಿಲ್ಲ," ಅಂದ ಹುಸೇನಪೀರ.

"ಹಲ್ಲು ತಗೊಂಡು ಏನ್ ಮಾಡ್ತೀಲೇ? ಬಂಕ್ ಇತ್ತಿಲ್ಲೋ?"

ಇಬ್ಬರ ಜಗಳ ಅರ್ಧ ತಾಸು ನಡೆಯಿತು. ಗುಮಾಸ್ತನೂ ಹಲ್ಲಿನ ಪರವಾಗಿ ಒಂದೆರಡು ಮಾತು ಆಡಿದ. ಕೊನೆಗೆ ಅಮಾತೆಪ್ಪ ದಾನಮ್ಮನ ಕಡೆ ತಿರುಗಿ, "ಇಷ್ಟು ತ್ರಾಸಿಗಿಂತ ಒಂದು ಮದುವಿ ಆಗಿಬಿಡವ್ವ. ಬಂಕಿನವ ಇನ್ನೂ ಹಂಗ ಅದಾನ," ಅಂದ. ದಾನಮ್ಮ ಸಹಿ ಹಾಕುವ ಜಾಗ ತೋರಿಸಿದಳು.

ಎರಡು ವಾರಕ್ಕೆ ದಾಖಲೆ ಕೈಗೆ ಬಂತು. ಅದರಲ್ಲಿ ಹೀಗೆ ಬರೆದಿತ್ತು: ‘ಸದರಿ ಅರ್ಜಿದಾರರ ಮೂರು ಮದುವೆಗಳು ಮುರಿದಿರುವುದಾಗಿ ಪಂಚರು ದೃಢಪಡಿಸಿರುತ್ತಾರೆ.’ ಅದನ್ನು ಓದಿದ ಅನಿಲಕುಮಾರ ಗಂಭೀರವಾಗಿ, "ಹಂಗಾದ್ರ ಮೂರೂ ಮಂದಿ ಒಪ್ಪಿಗಿ ಪತ್ರ ಬೇಕಾಗತೈತಿ," ಅಂದ.

ಅವತ್ತು ದಾನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಚೀಟಿಯನ್ನೂ ದಾಖಲೆಯನ್ನೂ ಅಲ್ಲೇ ಹರಿದು, ಅರ್ಜುವಿನ ಕೈಹಿಡಿದು ನೆಟ್ಟಗೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಕಚೇರಿಗೆ ಹೋದಳು. ಅಲ್ಲಿಯ ಅಧಿಕಾರಿಣಿ ದತ್ತು ಆದೇಶ ನೋಡಿದಳು, ಜನ್ಮದಾಖಲೆ ನೋಡಿದಳು, ತಾಯಿಯ ಹೆಸರು ನೋಡಿದಳು. "ಸಾಕು," ಅಂದಳು.

"ಅಪ್ಪನ ಕಾಲಂ?"

"ಒಬ್ಬ ಪೋಷಕರ ಹೆಸರು ಇದ್ದರೆ ಆಯ್ತು. ನಿಯಮ ಹಂಗೇ ಇದೆಯಲ್ಲ, ಯಾರೂ ಹೇಳಲಿಲ್ವಾ?"

ದಾನಮ್ಮನಿಗೆ ಅಳು ಬಂದಂತಾಯಿತು. ಆರು ವಾರ ಊರೂರು ತಿರುಗಿದ್ದು ನಿಯಮಕ್ಕಾಗಿ ಅಲ್ಲ, ನಿಯಮ ಹೀಗಿರಬಹುದು ಎಂದು ಮಂದಿ ಅಂದುಕೊಂಡದ್ದಕ್ಕಾಗಿ.

ಪೊಲೀಸ್ ವಿಚಾರಣೆಗೆ ಶಂಕರಲಿಂಗ ಎಂಬ ಪೇದೆ ಮನೆಗೆ ಬಂದ. ಒಳ್ಳೆಯ ಮನುಷ್ಯ, ಆದರೆ ಏನೇ ಓದಿದರೂ ಜೋರಾಗಿ ಓದುವ ರೂಢಿ. ರಂಜಾನಬಿಯ ಸಾಕ್ಷಿ ಬರೆದುಕೊಂಡ. ಆಕೆಯ ಸಾಕ್ಷಿ ಚಿಕ್ಕದು: "ತಾಯಿ ಮಗಳು ದಿನಾ ಮುಂಜಾನೆ ಜಡಿ ಹಾಕೋವಾಗ ಜಗಳಾಡ್ತಾರ. ಇದಕ್ಕಿಂತ ಏನ್ ಬೇಕ್ರಿ ನಿಮಗ?" ಆಮೇಲೆ ಶಂಕರಲಿಂಗ ದತ್ತಕದ ಫೈಲು ತೆರೆದು ಓದತೊಡಗಿದ: "ಸದರಿ ಮಗುವು ಅಂದಾಜು ಮೂರು ವರ್ಷ, ಬಾದಾಮಿ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಂಟಿಯಾಗಿ..."

ದಾನಮ್ಮ ಕೈ ಅಡ್ಡ ಹಿಡಿಯುವುದರೊಳಗೆ ಮಾತು ಹೊರಗೆ ಬಿದ್ದಿತ್ತು. ಮಕ್ಕಳ ಮನೆಯಿಂದ ಕರೆತಂದೆ ಎಂದಷ್ಟೇ ಅರ್ಜುಗೆ ಹೇಳಿದ್ದಳು. ಅದಕ್ಕೂ ಹಿಂದಿನದನ್ನು ಹತ್ತು ವರ್ಷ ತುಂಬಿದ ಮೇಲೆ ಹೇಳೋಣ ಎಂದು ಇಟ್ಟುಕೊಂಡಿದ್ದಳು. ಅರ್ಜು ಹೋಂವರ್ಕ್ ಪುಸ್ತಕದಿಂದ ತಲೆ ಎತ್ತಿ ಪೇದೆಯನ್ನು ಕೇಳಿದಳು: "ಯಾವ ಬೆಂಚು?"

ಶಂಕರಲಿಂಗ ಹಾಳೆ ತಿರುವಿ ನೋಡಿದ. "ಅದು ಬರದಿಲ್ಲವ್ವ," ಅಂದು, ತಾನು ಮಾಡಿದ್ದು ಗೊತ್ತಾಗಿ ಟೊಪ್ಪಿಗೆ ತಗೊಂಡು ಎದ್ದುಹೋದ.

ಎರಡು ದಿನ ಹುಡುಗಿ ಮಾತು ಕಡಿಮೆ ಮಾಡಿದಳು. ಇಷ್ಟು ಕಾಗದ ಕೂಡಿಸಿ ತಾನೇ ಮಗಳನ್ನು ದೂರ ಮಾಡಿಕೊಂಡೆನೇನೋ ಎಂಬ ಅಂಜಿಕೆ ದಾನಮ್ಮನಿಗೆ. ಮೂರನೇ ದಿನ ಅರ್ಜು ಅಂದಳು: "ಸಮುದ್ರ ಆಮ್ಯಾಲೆ ನೋಡೂಣು. ಮೊದಲ ಬಾದಾಮಿಗೆ ಕರ್ಕೊಂಡು ಹೋಗು."

ರವಿವಾರ ಮುಂಜಾನೆ ಹೋದರು. ಗುಹೆ ನೋಡಲು ಬಂದವರು ಊರಿನ ಕಡೆ ಹೋಗುತ್ತಿದ್ದರೆ, ಇವರಿಬ್ಬರು ಪ್ಲಾಟ್‌ಫಾರಂ ಟಿಕೆಟ್ ತೆಗೆಸಿ ಬೆಂಚುಗಳ ಮೇಲೆ ಕೂರುತ್ತ ಹೋದರು. ಅರ್ಜು ಒಂದೊಂದರ ಮೇಲೂ ಕೂತು, ಕಾಲು ಅಲ್ಲಾಡಿಸಿ, ಎದ್ದು ಮುಂದಿನದಕ್ಕೆ ಹೋದಳು. ನೀರಿನ ನಲ್ಲಿಯ ಪಕ್ಕದ ಬೆಂಚಿನಲ್ಲಿ ಹೆಚ್ಚು ಹೊತ್ತು ಕೂತಳು.

"ನಾ ಅಳ್ತಿದ್ನೇನು?"

"ಕಾಗದದಾಗ ಬರದಿಲ್ಲ."

"ಹಂಗಾದ್ರ ಅತ್ತಿಲ್ಲ." ಮತ್ತೆ ಕೇಳಿದಳು, "ನನ್ನ ಹೆಸರು ಯಾರು ಹೇಳಿದ್ರು?"

"ನೀನ ಹೇಳಿದಿ ಅಂತ. ಪೊಲೀಸರು ಕೇಳಿದಾಗ, ಗಟ್ಟಿಯಾಗಿ."

ಅದು ಹುಡುಗಿಗೆ ಸಮಾಧಾನ ಕೊಟ್ಟಿತು. ಆಗ ಟಿಕೆಟ್ ತಪಾಸಣೆಯವನು ಬಂದು, ರೈಲು ಹತ್ತದವರು ಎರಡು ತಾಸಿನ ಮೇಲೆ ಕೂರುವಂತಿಲ್ಲ ಅಂದ. "ನಾ ಇಲ್ಲಿ ಮೊದಲ ಟಿಕೆಟ್ ಇಲ್ಲದ ಕುಂತಿದ್ದೆ, ಆಗ ಯಾರೂ ಎಬ್ಬಿಸಿದ್ದಿಲ್ಲ," ಅಂದಳು ಅರ್ಜು. ಅವನಿಗೆ ಏನೂ ತಿಳಿಯಲಿಲ್ಲ. ದಾನಮ್ಮ ಮಗಳನ್ನು ತಬ್ಬಿಕೊಂಡು, ಜನ ನೋಡುವಂತೆ ಅತ್ತಳು. ಅರ್ಜು ಅವ್ವನ ಸೆರಗಿನಿಂದ ಅವ್ವನ ಮೂಗು ಒರೆಸಿ, "ಹಸಿವಾಗೈತಿ, ನಡಿ," ಅಂದಳು.

ಪಾಸ್‌ಪೋರ್ಟು ಬಂದವು. ಸೂಟಿ ಸಿಕ್ಕಿತು. ಟಿಕೆಟ್ಟನ್ನು ಅನಿಲಕುಮಾರನೇ ತೆಗೆಸಿಕೊಟ್ಟ. ಅಂದು ಚೀಟಿ ಹರಿದು ಬಂದದ್ದಕ್ಕೆ ಅವನಿಗೇನೂ ಬೇಜಾರಿರಲಿಲ್ಲ. ಚೆನ್ನೈ ಬಂದರಿನಲ್ಲಿ ಸಾಲು ನಿಂತು, ಇಬ್ಬರೂ ಕೌಂಟರ್ ಮುಟ್ಟಿದಾಗ ಅಲ್ಲಿಯ ಹುಡುಗ ಕಂಪ್ಯೂಟರ್ ನೋಡಿ ಹಿಂದಿಯಲ್ಲಿ ಕೇಳಿದ: "ಮಿಸ್ಟರ್ ಪೂಜಾರಿ ಎಲ್ಲಿ?"

"ಯಾವ ಪೂಜಾರಿ?"

"ನಿಮ್ಮ ಗಂಡ. ಮೂವರ ಹೆಸರಿದೆ. ಅವರ ಪಾಸ್‌ಪೋರ್ಟ್ ವಿವರ ಆಮೇಲೆ ಕೊಡ್ತೇವೆ ಅಂತ ಬರೆದಿದ್ದೀರಿ."

ದಾನಮ್ಮ ಅಲ್ಲಿಂದಲೇ ಅನಿಲಕುಮಾರನಿಗೆ ಫೋನ್ ಹಚ್ಚಿದಳು. ಅವನು ಸಾವಕಾಶ ಹೇಳಿದ: "ಕಂಪ್ಯೂಟರ್ ಬಿಡಲಿಲ್ರಿ ಮೇಡಂ. ಕೂಸಿನ ಹೆಸರು ಹಾಕಿದ ಕೂಡ್ಲೆ ಅಪ್ಪನ್ನ ಕೇಳ್ತು. ಏನರ ತುಂಬಬೇಕಲ್ರಿ? ನಿಮ್ಮ ಅಡ್ಡಹೆಸರನ್ನ ಹಾಕೇನಿ. ಹೊರಗಿನವರ ಹೆಸರು ಹಾಕಿಲ್ಲ ನೋಡ್ರಿ."

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಕರೆ ಶುರುವಾಗಿತ್ತು: ಮಿಸ್ಟರ್ ಪೂಜಾರಿಯವರು ಎಲ್ಲಿದ್ದರೂ ಕೌಂಟರಿಗೆ ಬರಬೇಕು. ನಾಲ್ಕು ಸಲ ಕರೆದರು. ಸಾಲಿನಲ್ಲಿದ್ದವರು ಕತ್ತು ತಿರುಗಿಸಿ ಹುಡುಕಿದರು. ಮುದುಕನೊಬ್ಬ, ಶೌಚಾಲಯದ ಕಡೆ ಹೋಗಿದ್ದನ್ನು ನೋಡಿದೆ ಎಂದೂ ಹೇಳಿದ. ಬರದಿದ್ದರೆ ಅವರ ಒಪ್ಪಿಗೆ ಪತ್ರ ಬೇಕು ಅಂದ ಕೌಂಟರಿನ ಹುಡುಗ. ದಾನಮ್ಮ ಫೈಲನ್ನು ಮೇಜಿನ ಮೇಲೆ ಧಡಕ್ಕನೆ ಇಟ್ಟಳು.

ಸದ್ದಿಗೆ ಮೇಲ್ವಿಚಾರಕಿ ಬಂದಳು. ಹಣ್ಣುಗೂದಲಿನ ಹೆಂಗಸು. ದತ್ತು ಆದೇಶ ಓದಿ, ಬಗ್ಗಿ ಅರ್ಜುವನ್ನು ಕೇಳಿದಳು: "ಅಪ್ಪ ಎಲ್ಲಿ, ಬೇಟಾ?"

ಅರ್ಜು ರಂಜಾನಬಿ ಕಲಿಸಿದ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದಳು: "ಅವರನ್ನ ಕಂಪ್ಯೂಟರ್ ಹಡದೈತಿ. ನನಗ ಅವ್ವ ಅದಾಳ, ಇಲ್ಲೇ ನಿಂತಾಳ."

ಮೇಲ್ವಿಚಾರಕಿ ನಕ್ಕಳು. ಪೂಜಾರಿಯ ಹೆಸರಿನ ಮುಂದೆ ‘ಬಂದಿಲ್ಲ’ ಎಂದು ಹಾಕಿ ಇಬ್ಬರನ್ನೂ ಒಳಗೆ ಬಿಟ್ಟಳು.

ಆದರೆ ಹೆಸರು ಪಟ್ಟಿಯಿಂದ ಹೋಗಲಿಲ್ಲ. ಕೋಣೆಯಲ್ಲಿ ಮೂರು ಟವೆಲು, ಊಟದ ಮೇಜಿನಲ್ಲಿ ಮೂರು ತಾಟು. ಬಡಿಸುವವನು ಹೊತ್ತು ಹೊತ್ತಿಗೂ, "ಸರ್ ಬರಲಿಲ್ವಾ?" ಎಂದು ಕಾಳಜಿಯಿಂದ ಕೇಳುತ್ತಿದ್ದ. ದಾನಮ್ಮ ಎರಡು ದಿನ ಇದ್ದದ್ದು ಇದ್ದಂತೆ ಹೇಳಿದಳು. ಅವನು ತಲೆಯಾಡಿಸಿ ಮತ್ತೆ ಮೂರನೇ ತಾಟು ಇಡುತ್ತಿದ್ದ. ಯಾವ ಕಾಗದದಲ್ಲೂ ಒಂದಕ್ಷರ ಸುಳ್ಳು ಬರೆಯದ ದಾನಮ್ಮ ಮೂರನೇ ದಿನ ಸೋತಳು.

"ಅವರಿಗೆ ಆರಾಮಿಲ್ರಿ. ಹಡಗು ಆಗಿಬಂದಿಲ್ಲ, ಮಲಗ್ಯಾರ."

ಬಡಿಸುವವನ ಮುಖ ಅರಳಿತು. ಕೊನೆಗೂ ತಿಳಿಯುವಂಥ ಮಾತು. ಅರ್ಧ ತಾಸಿನೊಳಗೆ ಮಿಸ್ಟರ್ ಪೂಜಾರಿಯವರಿಗಾಗಿ ನಿಂಬೆ ಶರಬತ್ತು, ಖಾರಾ ಬಿಸ್ಕತ್ತು, ಬೇಗ ಗುಣವಾಗಲಿ ಎಂಬ ಚೀಟಿ ಬಂದವು.

ಅರ್ಜು ಶರಬತ್ತನ್ನು ಎತ್ತಿಕೊಂಡು ಹೊರಗಿನ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಬಿಸಿಲು ಹಿತವಾಗಿತ್ತು. ಅರ್ಧ ಕುಡಿದು ಕೇಳಿದಳು: "ಅವ್ವ, ಅವರಿಗೆ ನಾಳೇನೂ ಆರಾಮ ಆಗಂಗಿಲ್ಲೇನು?"

ದಾನಮ್ಮ ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡಳು.

"ಎಲ್ಲಿ ಆಗತೈತಿ? ಭಾಳ ನಾಜೂಕ ಮನುಷ್ಯಾ."