ಮೆಹಬೂಬಸುಭಾನಿ ಕುಡಿದಿರಲಿಲ್ಲ

೨೦೦೪ರ ಶಿವರಾತ್ರಿ ಕಳೆದಿತ್ತು. ಬಿಸಿಲು ಆಗಷ್ಟೇ ಚುರುಗುಟ್ಟತೊಡಗಿದ ಮುಂಜಾನೆ ಒಂಬತ್ತರ ಹೊತ್ತು. ನಮ್ಮ ಯಾವಗಲ್ಲ ಊರಿನ ಮೆಹಬೂಬಸುಭಾನಿ ಹೊಸ ಗಾದಿ ತಲೆಯ ಮೇಲೆ ಹೊತ್ತು ಹೊರಟಿದ್ದ. ಬಿಲ್ಲಿನಿಂದ ಅರಳೆ ಹಿಂಜಿ ಗಾದಿ ಹೊಲಿಯುವುದು ಅವನ ಮನೆತನದ ಕೆಲಸ. ಹೆಜ್ಜೆಗಳು ಅತ್ತಿತ್ತ ಬಿದ್ದವು. ಕೈ ತಾನಾಗಿಯೇ ಜಾಡಿಸಿತು. ಗಾದಿ ಗಟಾರಕ್ಕೆ ಬಿತ್ತು.

“ಮುಂಜಾನಿಗೇ ಏರಿಸ್ಯಾನಲೇ!” ಎಂದು ಕಟ್ಟೆಯ ಮೇಲಿದ್ದವರು ನಕ್ಕರು.

ಅದು ಅವನ ಹೆಂಡತಿ ಕಾಶೀಂಬಿಯ ಕಿವಿಗೂ ಬಿತ್ತು. ಅವಳು ಟ್ರಂಕು ಕಟ್ಟಿದಳು. ಮರುದಿನ ಅವಳ ಅಣ್ಣ ಅಲ್ತಾಫ ಗಜೇಂದ್ರಗಡದಿಂದ ಕರೆಯಲು ಬಂದ. ಪಕ್ಕದ ಮನೆಯ ಸಣ್ಣವ್ವ ನಾನು. ಮನಸ್ಸು ತಡೆಯದೆ ಆರೋಗ್ಯ ಸಹಾಯಕಿ ದೇವಿಕಾಳನ್ನು ಕರೆತಂದೆ.

“ಕುಡಕನ ಜೋಡಿ ನನ್ನ ತಂಗಿ ಬಾಳೂದ ಬ್ಯಾಡ್ರಿ ಬಾಯಾರ,” ಎಂದ ಅಲ್ತಾಫ.

“ವರ್ಷದಿಂದ ನೋಡಾಕತ್ತೀನಿ, ಸೆರಿ ವಾಸನಿ ಒಂದಿನಾನೂ ಬಂದಿಲ್ಲ,” ಎಂದು ದೇವಿಕಾ ಮೆಹಬೂಬಸುಭಾನಿಯ ಕಡೆ ತಿರುಗಿದಳು. “ನಿಮ್ಮ ಮನಿತನದಾಗ ಯಾರಿಗರೆ ಹಿಂಗ ಆಗಿತ್ತೇನಪಾ?”

“ರೋಗಾ ಯಾರಿಗೂ ಇದ್ದಿಲ್ರಿ. ಅಬ್ಬಾ ಕುಡದ ಕುಡದ ಸತ್ತನಂತ. ಅಬ್ಬಾನ ತಂಗಿಗೆ ಗಾಳಿ ಬಡಿದಿತ್ತು, ಅಷ್ಟ.”

ಇಷ್ಟು ವರ್ಷ ನುಂಗಿಕೊಂಡಿದ್ದನ್ನು ನಾನು ಅಂದು ಹೇಳಿದೆ. “ನಿಮ್ಮಪ್ಪ ಸೆರಿ ಮೂಸಿದಾಂವನೂ ಅಲ್ಲೋ ತಮ್ಮಾ. ನಲವತ್ತ ದಾಟತಿದ್ದಂಗ ಹಿಂಗ ಮೈ ಕುಣಿಯಾಕತ್ತಿತು. ಅವನ ತಂಗಿಗೂ ಹಂಗ. ಗಾಳಿ ಅಂತ ಬೇವಿನ ತಪ್ಪಲದ್ಲೆ ಹೊಡಿಸಿದ್ರು. ಬಿಡಿಸಾಕ ನಾವ್ಯಾರೂ ಹೋಗಲಿಲ್ಲ.”

ದೇವಿಕಾ ಇದೆಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಳು. ಹುಬ್ಬಳ್ಳಿಯ ನರರೋಗದ ಡಾಕ್ಟರು ಅದನ್ನು ಓದಿ ರಕ್ತ ಪರೀಕ್ಷೆಗೆ ಕಳಿಸಿದರು. “ಒಂದ ತಿಂಗಳ ತಡೀತೀನಿ,” ಎಂದು ಹೋದ ಅಲ್ತಾಫ, ಫಲಿತಾಂಶ ಬಂದ ಮಂಗಳವಾರ ಮತ್ತೆ ಬಂದ.

“ಇದಕ್ಕ ಹಂಟಿಂಗ್ಟನ್ ರೋಗ ಅಂತಾರ,” ಎಂದಳು ದೇವಿಕಾ. “ಹೆತ್ತವರಿಂದ ಮಕ್ಕಳಿಗೆ ಬರತೈತಿ. ಮೆದುಳಿನಾಗ ಒಂದು ಪ್ರೋಟೀನು ಕೆಟ್ಟು ಒಂದಕ್ಕೊಂದು ಅಂಟತೈತಿ, ತೊಯ್ದ ಅರಳಿ ಗಂಟ ಕಟ್ಟಿದಂಗ. ನರಗಳು ಸಾವಕಾಶ ಸಾಯತಾವ. ಅದಕ್ಕ ಮೈ ಕುಣಿಯೂದು, ಸಿಟ್ಟು, ಮರವು.”

“ಗಂಟ ಕಟ್ಟಿದ ಅರಳಿ ನಾ ಹಿಂಜಿ ಬಿಡಸ್ತೀನಲ್ರಿ. ಇದನ್ನ ಬಿಡಸಾಕ ಬರೂದಿಲ್ಲೇನ್ರಿ?” ಎಂದ ಮೆಹಬೂಬಸುಭಾನಿ.

“ಅಂಥಾ ಬಿಲ್ಲು ಇನ್ನೂ ಯಾರ ಕಡೀನೂ ಇಲ್ಲಪಾ, ಖರೇ ಹೇಳ್ತೀನಿ. ಆದ್ರ ಕುಣಿತ ಕಡಿಮಿ ಮಾಡೂ ಗುಳಿಗಿ ಐತಿ. ಮೆತ್ತನ್ನ ಊಟ ಬೇಕು, ಸಿಟ್ಟಿಗೆ ಸಿಟ್ಟು ಮಾಡದ ಮಂದಿ ಬೇಕು.”

ಕಾಶೀಂಬಿ ಮಗಳು ನಾಜಮೀನಳನ್ನು ಹತ್ತಿರ ಎಳೆದುಕೊಂಡಳು. “ಇಕಿಗೆ?”

“ಬರಬಹುದು, ಬರದಿರಬಹುದು, ಸಮಾ ಸಮಾ. ದೊಡ್ಡಾಕಿ ಆದಮ್ಯಾಗ ಪರೀಕ್ಷಾ ಮಾಡಿಸಿಕೊಳ್ಳೂದು ಬಿಡೂದು ಅಕಿ ಮರ್ಜಿ. ಒಂದ ತಾಟಿನಾಗ ಉಂಡ್ರ ಅಂಟೂ ರೋಗಲ್ಲ ಇದು.”

ಕಾಶೀಂಬಿ ತಿಂಗಳಿಂದ ಕಟ್ಟಿಯೇ ಇಟ್ಟಿದ್ದ ಟ್ರಂಕು ಬಿಚ್ಚಿ ಸೀರೆಗಳನ್ನು ಹಗ್ಗಕ್ಕೆ ಹಾಕಿದಳು. “ಕುಡಕ ಅಂತ ಬಿಟ್ಟ ಹೊಂಟಿದ್ದೆ ಭಾಯಿ. ಬ್ಯಾನಿ ಅಂದಮ್ಯಾಗ ಹ್ಯಾಂಗ ಬಿಟ್ಟ ಬರ್ಲಿ?”

“ಟ್ರಂಕ್ ಹೊರೂದ ತಪ್ಪಿತು ಬಿಡು ನನಗ,” ಎಂದ ಅಲ್ತಾಫ. ತಂಗಿಯ ಗಂಡನ ಮುಖ ನೋಡಲು ಅವನಿಗೆ ನಾಚಿಕೆಯಾಗಿತ್ತು.

ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಓಣಿಯಲ್ಲಿ ಯಾರಾದರೂ ತೂರಾಡಿ ನಡೆದರೆ, ಅವರ ಕೈಕಾಲು ತಾವಾಗಿಯೇ ಕುಣಿದರೆ, ನಗಬೇಡಿ, ದವಾಖಾನೆಗೆ ಕರೆದೊಯ್ಯಿರಿ. ಹಿರಿಯರೇ, ಹಿಂದಿನವರಿಗೆ ಏನಾಗಿತ್ತೆಂದು ಡಾಕ್ಟರಿಗೆ ಮುಚ್ಚದೆ ಹೇಳಿ. ನಿಮ್ಮ ನೆನಪೇ ಅವರಿಗೆ ದಾರಿ ತೋರಿಸುತ್ತದೆ.

ಮರುದಿನ ಬುಧವಾರ ಗಜೇಂದ್ರಗಡದ ಬಸ್ಸು ಹತ್ತಿದವನು ಅಲ್ತಾಫ ಒಬ್ಬನೇ.